ಚುಕ್ಕಕ್ಕನ ಮೂರು ಸಕ್ಕರ್‌ಗಳು

ಬಟ್ಟೆ ಒಗೆಯುವ ಮಿಷನ್ನು ಕೈಕೊಟ್ಟ ದಿನ ಮನೆಯವರೆಲ್ಲ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರೆ, ಚುಕ್ಕಕ್ಕ ಒಬ್ಬಳು ಮಾತ್ರ ಒಳಗೊಳಗೇ ಖುಷಿಯಾಗಿದ್ದಳು. ಮಿಷನ್ನು ನೀರು ತುಂಬಿಕೊಳ್ಳುತ್ತಿತ್ತು, ಬಟ್ಟೆಯನ್ನು ಅತ್ತ ಇತ್ತ ತಿರುವುತ್ತಿತ್ತು, ಕೊಳೆನೀರು ಹೊರಗೆ ಬಿಡುವ ಹೊತ್ತು ಬಂದರೆ ಮಾತ್ರ ಟಿಕ್ಕೆಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಸಿಟಿ ಬಸ್ಸಿನ ಡ್ರೈವರಾಗಿದ್ದ ಮಗ ಮಗ್ಗಿನಲ್ಲಿ ನೀರು ಮೊಗೆದು ಮೊಗೆದು ಸೊಂಟ ಹಿಡಿದುಕೊಂಡ. ರಿಪೇರಿಯವನು ಬಂದು, ಹಿಂದಿನ ಮುಚ್ಚಳ ತೆಗೆದು, ಎರಡು ನಿಮಿಷ ಇಣುಕಿ, "ಬೋರ್ಡು ಹೋಗಿದೆ. ಹೊಸ ಬೋರ್ಡಿಗೆ ಮಿಷನ್ನಿನ ಅರ್ಧ ಬೆಲೆ ಆಗುತ್ತೆ. ಮಿಷನ್ನೇ ಹೊಸದು ತಗೊಂಡ್ಬಿಡಿ" ಎಂದು ಹೇಳಿ, ಚಹಾ ಕುಡಿದು ಹೋದ.

ಅವನು ಬಾಗಿಲು ದಾಟುವುದನ್ನೇ ಕಾಯುತ್ತಿದ್ದ ಚುಕ್ಕಕ್ಕ ಬಾಯಿ ಬಿಟ್ಟಳು. "ಬೋರ್ಡು ಹೋಗಿಲ್ಲ. ಬೋರ್ಡಲ್ಲಿರೋ ಒಂದು ರಿಲೇ ಹೋಗಿದೆ. ಟಿಕ್ ಅನ್ನುತ್ತೆ, ಕರೆಂಟು ಬಿಡಲ್ಲ. ಸಕ್ಕರೆ ತುಂಡಿನಷ್ಟು ಸಾಮಾನು. ಅದೊಂದನ್ನ ಬದಲಾಯಿಸಿದ್ರೆ ಮುಗೀತು."

"ಯಾರು ಬದಲಾಯಿಸ್ತಾರೆ?" ಎಂದಳು ಸೊಸೆ.

"ಯಾಕೆ, ನಾನು ಇನ್ನೂ ಗಟ್ಟಿಯಾಗಿದ್ದೀನಲ್ಲ?"

ಚುಕ್ಕಕ್ಕ ಮೂವತ್ತೊಂದು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು. ಬಲಗೈಯಲ್ಲಿ ಕಾದ ಬೆಸುಗೆ ಐರನ್, ಎಡಗೈಯಲ್ಲಿ ಸೀಸದ ತಂತಿ. ಬೋರ್ಡಿನಲ್ಲಿ ಕೂರಿಸಿದ ಬಿಡಿಭಾಗಗಳ ಒಂದೊಂದು ಕಾಲಿಗೂ ಒಂದೊಂದು ಹೊಳೆಯುವ ಚುಕ್ಕಿ ಇಟ್ಟು ಮುಂದಕ್ಕೆ ತಳ್ಳುವುದು ಅವಳ ಕೆಲಸ. ಅವಳು ಇಟ್ಟದ್ದೆಲ್ಲ ಅಳತೆ ಮಾಡಿ ಇಟ್ಟಂತೆ ಒಂದೇ ಸಮ ಇರುತ್ತಿದ್ದುದರಿಂದ ಕಾರ್ಖಾನೆಯವರು ಚುಕ್ಕಕ್ಕ ಅಂದರು, ಆಮೇಲೆ ಬೀದಿಯವರೂ ಅಂದರು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಊಟದ ಮೇಜಿನ ಕಿಟಕಿ ಕಡೆಯ ಅರ್ಧ ಅವಳ ವಶ. ಅಲ್ಲಿ ಅವಳ ಐರನ್, ಮೀಟರು, ಗುಜರಿಯಿಂದ ತಂದ ರೇಡಿಯೋಗಳು, ಸ್ಕ್ರೂ ತುಂಬಿದ ಬಿಸ್ಕತ್ತಿನ ಡಬ್ಬಗಳು. ಉಳಿದರ್ಧದಲ್ಲಿ ನಾಲ್ಕು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣುತ್ತಿದ್ದರು. ಒಂದು ಸಲ ಮೊಮ್ಮಗಳ ಸೂಪಿನಲ್ಲಿ ಸ್ಕ್ರೂ ಸಿಕ್ಕಿತ್ತು. ಅದರ ಮಾತು ಮನೆಯಲ್ಲಿ ಇನ್ನೂ ತಣ್ಣಗಾಗಿರಲಿಲ್ಲ.

ಸೊಸೆ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಗಿನಿಂದ ಎಂಬತ್ತು ತೋಳಿಗೆ ಸೂಜಿ ಹಾಕಿ ಬಂದವಳಿಗೆ ಸಂಜೆ ಮಾತು ಬೆಳೆಸುವ ತಾಳ್ಮೆ ಇರುತ್ತಿರಲಿಲ್ಲ. ನೇರವಾಗಿ ಹೇಳಿಬಿಟ್ಟಳು.

"ಅತ್ತೆ, ಒಂದು ತಿಂಗಳು. ಅಲ್ಲೀವರ್ಗೂ ಕೈಯಲ್ಲಿ ಒಗೀತೀವಿ. ನೀವು ರಿಪೇರಿ ಮಾಡಿದ್ರೆ ಆ ಅರ್ಧ ಮೇಜು ನಿಮ್ಮದು, ನಾನು ಉಸಿರೆತ್ತಲ್ಲ. ಆಗ್ಲಿಲ್ಲ ಅಂದ್ರೆ ಕಂತಲ್ಲಿ ಹೊಸ ಮಿಷನ್ ತರ್ತೀವಿ, ನಿಮ್ಮ ಡಬ್ಬ ಎಲ್ಲ ಮಂಚದ ಕೆಳಗೆ ಹೋಗುತ್ತೆ."

"ತಿಂಗಳು ಯಾಕೆ, ವಾರ ಸಾಕು," ಎಂದಳು ಚುಕ್ಕಕ್ಕ.

ಹೇಳುವಾಗ ಜೋರಾಗಿಯೇ ಹೇಳಿದಳು. ಆದರೆ ಮಂಚದ ಕೆಳಗೆ ಎಂಬ ಮಾತು ಎದೆಗೆ ನಾಟಿತ್ತು. ಆ ಮೇಜು ಹೋದರೆ ಅವಳಿಗೆ ಉಳಿಯುವುದು ತರಕಾರಿ ಹೆಚ್ಚುವುದು, ಆಮೇಲೆ ಒಬ್ಬೊಬ್ಬರೇ ಮನೆಗೆ ಬರುವುದನ್ನು ಕಾಯುವುದು. ಅದಕ್ಕೆ ಅವಳು ನಿಜವಾಗಿಯೂ ಹೆದರುತ್ತಿದ್ದಳು.

ಬೋರ್ಡನ್ನು ಬಿಚ್ಚಿ, ಮೇಲಿದ್ದ ಅಂಟಿನಂಥ ಪೊರೆಯನ್ನು ಎರಡು ದಿನ ಕೂತು ಕೆರೆದಳು. ಮೀಟರು ಹಿಡಿದು ನೋಡಿದರೆ ಅವಳ ಲೆಕ್ಕ ಸರಿಯಾಗಿಯೇ ಇತ್ತು, ಹೋಗಿದ್ದು ರಿಲೇ. ಐದು ಕಾಲು, ಐದೂ ಬೋರ್ಡಿನ ತೂತುಗಳಲ್ಲಿ ಬೆಸುಗೆಯಿಂದ ಬಿಗಿಯಾಗಿ ಕೂತಿದ್ದವು. ಅವನ್ನು ಬಿಡಿಸಬೇಕು. ಅಲ್ಲಿಗೆ ಬಂದು ನಿಂತಾಗ ಚುಕ್ಕಕ್ಕನಿಗೆ ಒಂದು ವಿಷಯ ಹೊಳೆಯಿತು. ಮೂವತ್ತೊಂದು ವರ್ಷದಲ್ಲಿ ಅವಳು ಒಂದೇ ಒಂದು ಬೆಸುಗೆಯನ್ನೂ ಕಿತ್ತವಳಲ್ಲ.

ಕಾರ್ಖಾನೆಯಲ್ಲಿ ಕೆಟ್ಟ ಬೋರ್ಡುಗಳು ಹಿಂದಿನ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಕೂತವರಿಗೆ ಕೀಳುವವರು ಎಂದು ಹೆಸರು. ಹಾಕುವವರು ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು, ಊಟದ ಬಿಡುವಿನಲ್ಲಿ ಬೇರೆ ಬೆಂಚಿನಲ್ಲಿ ಕೂರುತ್ತಿದ್ದರು. ಮೂಗು ಮುರಿಯುವುದರಲ್ಲಿ ಚುಕ್ಕಕ್ಕ ಯಾರಿಗೂ ಕಡಿಮೆ ಇರಲಿಲ್ಲ.

ಮಾರನೇ ದಿನ ಅವಳು ಬಸ್ ನಿಲ್ದಾಣದ ಹಿಂದಿನ ಪಾರ್ಟ್ಸ್ ಅಂಗಡಿಗೆ ಹೋದಳು. ಹೊಸ ರಿಲೇ ಚಿಲ್ಲರೆ ಕಾಸಿಗೆ ಸಿಕ್ಕಿತು. ಕೀಳುವುದಕ್ಕೆ ಏನಿದೆ ಎಂದು ಕೇಳಿದಾಗ ಅಂಗಡಿಯವನು ಮೊದಲು ತಾಮ್ರದ ಬತ್ತಿ ಕೊಟ್ಟ. ಸಣ್ಣ ತಾಮ್ರದ ಎಳೆಗಳನ್ನು ಹೆಣೆದ ಪಟ್ಟಿ ಅದು. ಬೆಸುಗೆಯ ಮೇಲಿಟ್ಟು ಕಾಯಿಸಿದರೆ ಕರಗಿದ ಸೀಸವನ್ನು ಹೀರಿಕೊಳ್ಳಬೇಕು. "ಇದಕ್ಕಿಂತ ಅಗ್ಗದ್ದು ಇಲ್ಲಮ್ಮ" ಎಂದ.

ಪುಣ್ಯಕ್ಕೆ ಅವಳು ಮೊದಲು ಗುಜರಿ ರೇಡಿಯೋದ ಬೋರ್ಡಿನ ಮೇಲೆ ನೋಡಿದಳು. ಅವಳ ಐರನ್ ಸಣ್ಣದು, ಬತ್ತಿ ಆ ಕಾವನ್ನೆಲ್ಲ ತಾನೇ ನುಂಗಿತು. ಸೀಸ ಅರೆಬರೆ ಕರಗಿ ಬತ್ತಿಯನ್ನೇ ಹಿಡಿದುಕೊಂಡಿತು. ಎಳೆದರೆ ಬೋರ್ಡಿನ ತಾಮ್ರದ ಗೆರೆಯೂ ಸಿಪ್ಪೆಯಂತೆ ಎದ್ದು ಬಂತು.

"ಬತ್ತಿ ಬೇಡ, ನಮಗೆ ಇರೋದೊಂದೇ ಬೋರ್ಡು," ಎಂದು ಚುಕ್ಕಕ್ಕ ಊಟಕ್ಕೆ ಕೂತಾಗ ಹೇಳಿದಳು. "ಸಕ್ಕರ್ ತಗೋಬೇಕು."

"ಅದೇನು?" ಎಂದ ಮಗ, ಬ್ರೆಡ್ಡು ಮುರಿಯುತ್ತ.

"ಪಿಚಕಾರಿ ಇದ್ದ ಹಾಗೆ. ಇದು ಹೊರಗೆ ಚಿಮ್ಮಲ್ಲ, ಒಳಗೆ ಎಳ್ಕೊಳ್ಳುತ್ತೆ. ಸ್ಪ್ರಿಂಗ್ ಒತ್ತಿಟ್ಕೊಂಡು, ಸೀಸ ಕರಗಿದ ತಕ್ಷಣ ಗುಂಡಿ ಅದುಮಬೇಕು. ಚಟ್ ಅಂತ ಎಳ್ಕೊಳ್ಳುತ್ತೆ."

"ತಗೋ. ಬೇಗ ತಗೋ. ಇವತ್ತು ಡಿಪೋದಲ್ಲಿ ಒಬ್ಬ ನನ್ನ ಅಂಗಿ ನೋಡಿ, ಏನಪ್ಪಾ ಹೊಲದಿಂದ ಬಂದ್ಯಾ ಅಂದ."

"ಕಾಲರ್ ಉಜ್ಜಬೇಕು ಅಪ್ಪಾ, ಸುಮ್ನೆ ಅದ್ದಿ ತೆಗೆದ್ರೆ ಆಗಲ್ಲ," ಎಂದಳು ಮೊಮ್ಮಗಳು. ಅವಳು ಕಾಲೇಜಿಗೆ ಹೋಗುವವಳು, ಮಾತಿನಲ್ಲಿ ಚುರುಕು. ಬಟ್ಟೆಯ ಸರದಿಯನ್ನು ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದ್ದಳು: ಅಂಗಿಗಳು ಅಪ್ಪನಿಗೆ, ಟವಲ್ಲು ತನಗೆ, ಉಳಿದದ್ದು ಅಮ್ಮನಿಗೆ. ಹೊದಿಕೆಗಳನ್ನು ಟಬ್ಬಿಗೆ ಹಾಕಿ ಅಪ್ಪ ಮಗಳು ಇಬ್ಬರೂ ಮೇಲೆ ಹತ್ತಿ ತುಳಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಬಚ್ಚಲಿನಿಂದ ನಗು ಕೇಳುತ್ತಿತ್ತು.

ಮೊದಲನೇ ಸಕ್ಕರ್ ಬಂತು. ನೀಲಿ ಪ್ಲಾಸ್ಟಿಕ್ಕಿನದು, ಅಂಗಡಿಯಲ್ಲಿದ್ದುದರಲ್ಲೇ ಕಡಿಮೆ ಬೆಲೆಯದು. ಮಿಷನ್ನಿನ ಬೋರ್ಡಿನ ಬೆಸುಗೆ ಮಾತ್ರ ಕರಗಲೊಲ್ಲದು. ಕರಗಿದರೂ ಗಂಜಿಯಂತೆ ಮಂದವಾಗಿ ನಿಂತುಬಿಡುತ್ತಿತ್ತು. ಚುಕ್ಕಕ್ಕ ಮತ್ತೆ ಅಂಗಡಿಗೆ ಹೋದಳು.

"ಅಮ್ಮ, ಅದು ಈಗಿನ ಕಾಲದ ಬೆಸುಗೆ, ಕರಗೋಕೆ ಜಾಸ್ತಿ ಕಾವು ಬೇಕು," ಎಂದ ಅಂಗಡಿಯವನು. "ನಿಮ್ಮ ಹತ್ರ ಹಳೇ ಸೀಸದ ತಂತಿ ಇದ್ಯಲ್ಲ, ಅದನ್ನ ಸ್ವಲ್ಪ ಅದರ ಮೇಲೆ ಹಾಕಿ. ಎರಡೂ ಬೆರೆತು ನೀರಾಗುತ್ತೆ. ಆಮೇಲೆ ಎಳೀರಿ."

"ಕೀಳೋಕೆ ಮೊದಲು ಹಾಕ್ಬೇಕಾ?"

"ಹೌದಮ್ಮ. ಹಾಕಿ ಕೀಳ್ಬೇಕು."

ಇವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೇ ಬಂದಳು. ಮಾಡಿ ನೋಡಿದರೆ ಮಾತು ಸುಳ್ಳಲ್ಲ. ಒಂದನೇ ಕಾಲಿಗೆ ತಂತಿ ತಾಗಿಸಿದಳು, ಬೆಸುಗೆ ಕರಗಿ ಹೊಳೆಯಿತು, ತಂತಿ ಕೆಳಗಿಟ್ಟು ಸಕ್ಕರ್ ಎತ್ತಿಕೊಂಡು ಗುಂಡಿ ಅದುಮಿದಳು, ಚಟ್! ತೂತು ಖಾಲಿ. ಚುಕ್ಕಕ್ಕ ಮನೆಗೆಲ್ಲ ಕೇಳುವಂತೆ "ಬಂತು!" ಎಂದು ಕೂಗಿದಳು. ಎರಡನೆಯದು, ಮೂರನೆಯದು, ನಾಲ್ಕನೆಯದು ಆಯಿತು. ಐದನೆಯದನ್ನೂ ಎಳೆದು ರಿಲೇಯನ್ನು ಹಿಡಿದು ಅಲ್ಲಾಡಿಸಿದರೆ ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಕನ್ನಡಕ ಏರಿಸಿಕೊಂಡು ನೋಡಿದರೆ ಮೊದಲಿನ ನಾಲ್ಕೂ ತೂತು ಮತ್ತೆ ತುಂಬಿಕೊಂಡಿದ್ದವು.

"ಈ ಸಕ್ಕರ್ ಎಳೆದದ್ದನ್ನ ವಾಪಸ್ ಉಗುಳ್ತಿದೆ," ಎಂದು ತೀರ್ಪು ಕೊಟ್ಟಳು ಚುಕ್ಕಕ್ಕ.

ಎರಡನೇ ಸಕ್ಕರ್ ಲೋಹದ್ದು, ಕೈಯಲ್ಲಿ ಹಿಡಿದರೆ ಭಾರ. ಮೊದಲನೆಯದರ ಮೂರರಷ್ಟು ಬೆಲೆ. ಅದೂ ಹಾಗೇ ಮಾಡಿತು. ಮೂರನೆಯದು ತಾನೇ ಕಾಯುವಂಥದು, ತುದಿಯಲ್ಲಿ ಕಾವು, ಹಿಂದೆ ಪಂಪು, ಒಂದೇ ಕೈಯಲ್ಲಿ ಎರಡೂ ಕೆಲಸ. ಅದನ್ನು ತಂದ ದಿನ ಸೊಸೆ ಹುಬ್ಬೇರಿಸಿದಳು. ಅದರಲ್ಲೂ ಮೊದಲಿನ ನಾಲ್ಕು ತೂತು ಮತ್ತೆ ತುಂಬಿದ್ದವು. ಚುಕ್ಕಕ್ಕನಿಗೆ ತಲೆ ಕೆಟ್ಟುಹೋಯಿತು. ಮೂರು ಕಂಪನಿಯವರೂ ಸೇರಿ ತನಗೊಬ್ಬಳಿಗೇ ಟೋಪಿ ಹಾಕುತ್ತಿದ್ದಾರೆಯೇ?

ಹೀಗೆ ಮೂರು ವಾರ ಕಳೆದವು. ಬಚ್ಚಲಿನ ಹಗ್ಗದಲ್ಲಿ ಜಾಗ ಸಾಲದೆ ಒದ್ದೆ ಬಟ್ಟೆ ಕುರ್ಚಿಗಳ ಮೇಲೆ ಬಂತು, ಆಮೇಲೆ ರೇಡಿಯೋಗಳ ಮೇಲೂ ಬಂತು. ನಾಲ್ಕನೇ ವಾರದ ಮೊದಲ ದಿನ ಊಟದ ಹೊತ್ತಿನಲ್ಲಿ ಚುಕ್ಕಕ್ಕ ಮೆಲ್ಲಗೆ ಮಾತು ತೆಗೆದಳು.

"ಅಂಗಡಿಯವನ ಹತ್ರ ಒಂದು ಗನ್ ಇದೆ. ಮೋಟಾರಿಂದು. ಬೋರ್ಡಿಗೆ ತಾಗಿಸಿದ್ರೆ ಸಾಕು, ಎಲ್ಲ ಎಳ್ಕೊಂಡ್ಬಿಡುತ್ತೆ."

"ಎಷ್ಟು?" ಎಂದ ಮಗ.

ಅವಳು ಹೇಳಿದಳು. ಮಗನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಮ್ಮಾ, ಅದು ನನ್ನ ಅರ್ಧ ತಿಂಗಳ ಸಂಬಳ!"

"ನನ್ನ ಪಿಂಚಣಿಯಲ್ಲಿ ತಗೋತೀನಿ. ನಿನ್ನನ್ನ ಕೇಳಿದ್ನಾ?"

"ಕಾಫಿ ದುಡ್ಡಿನ ರಿಲೇ ಕೀಳೋಕೆ ಅಷ್ಟು ದುಡ್ಡಿನ ಗನ್ನಾ?" ಎಂದಳು ಮೊಮ್ಮಗಳು. "ಅಜ್ಜಿ, ಅದಕ್ಕೆ ಸ್ವಲ್ಪ ಸೇರಿಸಿದ್ರೆ ಮಿಷನ್ನೇ ಬರುತ್ತೆ."

"ನೀನು ಸುಮ್ನಿರು. ಟವಲ್ ನಿಂಗೆ ಕೊಟ್ಟಿರೋದು ಯಾಕೆ ಇನ್ನೂ ಬಕೆಟ್ಟಲ್ಲೇ ಇದೆ?"

"ಮಾತು ತಿರುಗಿಸ್ಬೇಡಿ!"

ಸೊಸೆ ತಟ್ಟೆ ಸರಿಸಿ, "ಅತ್ತೆ, ಗನ್ ತರೋಕೆ ಮೊದಲು ಒಂದ್ಸಲ ನಾನು ನೋಡ್ತೀನಿ, ನೀವು ಹೇಗೆ ಮಾಡ್ತೀರಿ ಅಂತ" ಎಂದಳು.

"ನೀನು ನೋಡಿ ಏನ್ ಮಾಡ್ತೀಯ?"

"ಏನೂ ಮಾಡಲ್ಲ. ಬಟಾಣಿ ಸುಲೀತಾ ಕೂತಿರ್ತೀನಿ."

ರಜೆಯ ದಿನ ಬೆಳಗ್ಗೆ ಹಾಗೆಯೇ ಕೂತಳು. ಈಚೆ ಬುಟ್ಟಿ ತುಂಬ ಬಟಾಣಿ, ಆಚೆ ಚುಕ್ಕಕ್ಕನ ಬೋರ್ಡು. ಕಿಟಕಿಯ ಬೆಳಕು ಚೆನ್ನಾಗಿತ್ತು. ಚುಕ್ಕಕ್ಕ ಒಂದನೇ ಕಾಲಿಗೆ ಸೀಸ ತಾಗಿಸಿದಳು, ಎಳೆದಳು, ಖಾಲಿ. ಎರಡನೆಯದಕ್ಕೆ ತಾಗಿಸಿದಳು, ಎಳೆದಳು, ಖಾಲಿ. ಮೂರನೆಯದಕ್ಕೆ ಬಂದಾಗ ಸೊಸೆಯ ಕೈ ಬಟಾಣಿಯ ಮೇಲೆಯೇ ನಿಂತಿತು.

"ಅತ್ತೆ. ನಿಲ್ಲಿ."

"ಏನು?"

"ನೀವೇ ತುಂಬಿದ್ರಿ."

"ಏನನ್ನ?"

"ಈಗ ತಾನೇ ಖಾಲಿಯಾದ ಆ ಎರಡು ತೂತು. ಮೂರನೇದಕ್ಕೆ ಹಾಕೋಕೆ ಅಂತ ತಂತಿ ಎತ್ಕೊಂಡ್ರಲ್ಲ, ಒಂದು, ಎರಡು, ಮೂರು ಅಂತ ಸಾಲಾಗಿ ಮೂರಕ್ಕೂ ಹಾಕಿದ್ರಿ."

ಚುಕ್ಕಕ್ಕನ ಮುಖ ಕೆಂಪಾಯಿತು. "ನನ್ನ ಕೈ ಏನ್ ಮಾಡುತ್ತೆ ಅಂತ ನಂಗೆ ಗೊತ್ತಿಲ್ವಾ? ನೀನು ಹುಟ್ಟೋಕೆ ಮುಂಚೆ ಐರನ್ ಹಿಡಿದವಳು ನಾನು!"

"ಹಿಡಿದಿದ್ದೀರಿ, ಯಾರು ಇಲ್ಲ ಅಂದ್ರು?" ಸೊಸೆ ಎದ್ದು ಬಂದು ಸೀಸದ ಉರುಳೆಯನ್ನು ಎತ್ತಿ ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದಳು. "ಈಗ ಐರನ್ ಮಾತ್ರ ಹಿಡ್ಕೊಂಡು, ಮೂರನೇದನ್ನ ಕಾಯಿಸಿ."

ಚುಕ್ಕಕ್ಕ ಸಿಟ್ಟಿನಲ್ಲೇ ಐರನ್ ಎತ್ತಿದಳು. ಖಾಲಿ ಇದ್ದ ಎಡಗೈ ತನ್ನಷ್ಟಕ್ಕೆ ತಾನು ಮೇಜಿನಿಂದ ಎದ್ದಿತು. ಹೆಬ್ಬೆರಳು ತೋರುಬೆರಳು ಸೇರಿಸಿಕೊಂಡು, ಇಲ್ಲದ ತಂತಿಯನ್ನು ಹಿಡಿದುಕೊಂಡು, ಮೊದಲನೇ ತೂತಿನ ಮುಂದೆ ಬಂದು ನಿಂತಿತು. ಬಲಗೈಯ ಐರನ್ನೂ ಅದರ ಜೊತೆಗೇ ಬಂತು. ಎರಡೂ ಅಲ್ಲಿಂದ ಎರಡನೆಯದಕ್ಕೆ ಹೋದವು. ಅಲ್ಲಿಂದ ಮೂರಕ್ಕೆ.

ಅವಳು ತನ್ನ ಕೈಯನ್ನು ತಾನೇ ನೋಡಿದಳು. ಐರನ್ನನ್ನು ನಿಧಾನವಾಗಿ ಸ್ಟ್ಯಾಂಡಿಗೆ ಹಾಕಿದಳು. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಮೊದಲು ನಾಚಿಕೆಯಾಯಿತು, ಆಮೇಲೆ ಹೊಟ್ಟೆಯಿಂದ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ನ ಕರ್ಮವೇ! ಮೂರು ಸಕ್ಕರ್‌ಗೆ ಬೈದೆ ಕಣೇ! ಪಾಪದವು!"

ಸೊಸೆಗೂ ತಡೆಯಲಾಗಲಿಲ್ಲ. ಬಚ್ಚಲಿನಿಂದ ಸೋಪಿನ ಕೈಯಲ್ಲೇ ಓಡಿ ಬಂದ ಮಗ, "ಏನಾಯ್ತು? ಶಾಕ್ ಹೊಡೀತಾ?" ಎಂದು ಕೇಳಿದ್ದಕ್ಕೆ ಇಬ್ಬರೂ ಇನ್ನೂ ಜೋರಾಗಿ ನಕ್ಕರು.

ನಗು ನಿಂತ ಮೇಲೆ ಚುಕ್ಕಕ್ಕ ತಣ್ಣಗೆ ಹೇಳಿದಳು, "ಆ ಕೈಗೆ ಈಗ ಹೊಸದು ಕಲಿಸೋಕಾಗಲ್ಲ ಕಣೇ. ಅದಕ್ಕೆ ಖಾಲಿ ತೂತು ಕಂಡ್ರೆ ಆಗಲ್ಲ."

"ಬೇಡ ಬಿಡಿ. ನೀವು ಕಾಯ್ಸಿ, ನಾನು ಎಳೀತೀನಿ," ಎಂದಳು ಸೊಸೆ. "ಯಾವ್ದು ಕೊಡ್ತೀರಿ?"

ಚುಕ್ಕಕ್ಕ ಮೂರನ್ನೂ ಮುಂದಿಟ್ಟಳು. ಸೊಸೆ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, ನೀಲಿ ಪ್ಲಾಸ್ಟಿಕ್ಕಿನದನ್ನೇ ಆರಿಸಿಕೊಂಡಳು. "ಹಗುರ ಇದ್ದಷ್ಟೂ ಕೈ ಅಲ್ಲಾಡಲ್ಲ" ಎಂದಳು. ಒಂದು ಸಲ ಎಳೆದು ನೋಡಿ ತಲೆಯಾಡಿಸಿದಳು. "ಮೂತಿ ಗಟ್ಟಿ ಇದೆ. ಕಾಲಿನ ಸುತ್ತ ಸರಿಯಾಗಿ ಕೂರಲ್ಲ, ಪಕ್ಕದಿಂದ ಗಾಳಿ ಹೋಗ್ತಿದೆ. ನಮ್ಮಲ್ಲೂ ಅಷ್ಟೇ, ಸೂಜಿ ಸರಿಯಾಗಿ ಕೂರ್ಲಿಲ್ಲ ಅಂದ್ರೆ ನೊರೆ ಬರುತ್ತೆ. ನಾಳೆ ಸಂಜೆವರ್ಗೂ ತಡೀರಿ."

ಮರುದಿನ ಸಂಜೆ ಅವಳು ಬೆರಳುದ್ದದ ಮೆತ್ತನೆಯ ಕೊಳವೆಯೊಂದನ್ನು ತಂದಳು. ಲ್ಯಾಬಿನ ಸಾಮಾನುಗಳನ್ನು ಕುದಿಸಿ ಶುದ್ಧ ಮಾಡುವ ಯಂತ್ರಕ್ಕೆ ಹೊಸ ಕೊಳವೆ ಹಾಕಲು ಬಂದವನ ಹತ್ತಿರ ಉಳಿದಿದ್ದ ಸಿಲಿಕೋನ್ ತುಂಡು ಅದು. ಎಂಥ ಬಿಸಿಗೂ ಜಗ್ಗದು. ಕೇಳಿ ಇಸಕೊಂಡು ಬಂದಿದ್ದಳು. ಉಗುರಿನಷ್ಟು ಕತ್ತರಿಸಿ ಸಕ್ಕರ್ ಮೂತಿಗೆ ತೊಡಿಸಿದಳು. ಕಾಲಿನ ಮೇಲಿಟ್ಟು ಒತ್ತಿದರೆ ಮಗುವಿನ ಬಾಯಿಯಂತೆ ಸುತ್ತಲೂ ಕಚ್ಚಿ ಕೂತಿತು.

ಚುಕ್ಕಕ್ಕ ಸೀಸ ತಾಗಿಸಿ ಕಾಯಿಸಿದಳು. "ಈಗ!" ಎಂದ ಕೂಡಲೇ ಚಟ್. ಸೊಸೆ ಖಾಲಿಯಾದ ತೂತುಗಳ ಮೇಲೆ ತನ್ನ ಬೆರಳನ್ನು ಅಡ್ಡ ಹಿಡಿಯುತ್ತಿದ್ದಳು, ಅತ್ತೆಯ ಎಡಗೈ ಅತ್ತ ಬಾರದಿರಲೆಂದು. ಎರಡು ಸಲ ಬಂತು ಕೂಡ. "ಹೋಗಾಚೆ" ಎಂದು ಅದನ್ನು ಮೆಲ್ಲಗೆ ತಳ್ಳಿದಳು. ಐದನೆಯದು ಮುಗಿದಾಗ ರಿಲೇಯನ್ನು ಹಿಡಿಯಬೇಕಾಗಿಯೇ ಬರಲಿಲ್ಲ. ಬೋರ್ಡು ತಿರುಗಿಸಿದ್ದೇ ತಡ, ಅದು ತಾನಾಗಿ ಬಟಾಣಿಕಾಳಿನಂತೆ ಮೇಜಿನ ಮೇಲೆ ಉದುರಿತು. ಮೂರು ವಾರ ಕಾಡಿಸಿದ್ದು ಇಷ್ಟೇ ಸಾಮಾನು.

ಹೊಸದನ್ನು ಕೂರಿಸುವುದು ಚುಕ್ಕಕ್ಕನ ಪಾಲಿಗೆ ಬಂತು. ಒಂದು, ಎರಡು, ಮೂರು, ನಾಲ್ಕು, ಐದು. ಸೊಸೆ ಉಸಿರು ಬಿಡುವಷ್ಟರಲ್ಲಿ ಮುಗಿದಿತ್ತು. ಐದು ಚುಕ್ಕಿಗಳೂ ಒಂದೇ ಅಳತೆ, ಒಂದೇ ಹೊಳಪು. ಎರಡು ವರ್ಷದಿಂದ ಅದೇ ಮೇಜಿನಲ್ಲಿ ಎದುರು ಕೂತು ಉಂಡರೂ ಅತ್ತೆ ಬೆಸುಗೆ ಹಾಕುವುದನ್ನು ಸೊಸೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಎಷ್ಟು ಚೆನ್ನಾಗಿದೆ ಅತ್ತೆ," ಎಂದಳು.

"ಇದೊಂದು ಬರುತ್ತೆ ನಂಗೆ," ಎಂದಳು ಚುಕ್ಕಕ್ಕ. ಸಂತೋಷವಾಗಿತ್ತು, ಮುಚ್ಚಿಡಲಿಲ್ಲ.

ಬೋರ್ಡನ್ನು ಮಿಷನ್ನಿಗೆ ಹಾಕಿ, ಮುಚ್ಚಳ ಬಿಗಿದು, ಸ್ವಿಚ್ಚು ಒತ್ತಿದರು. ನಾಲ್ಕೂ ಜನ ಬಚ್ಚಲಿನಲ್ಲಿ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದರು. ನೀರು ತುಂಬಿತು, ಬಟ್ಟೆ ತಿರುಗಿತು, ಟಿಕ್ಕೆಂದಿತು. ಆಮೇಲೆ ಕೊಳವೆಯಿಂದ ಕೊಳೆನೀರು ದಬದಬನೆ ಸುರಿಯಿತು. ಮಗ ತನ್ನ ಖಾಕಿ ಅಂಗಿಯನ್ನು ಮೈಮೇಲಿಂದಲೇ ಬಿಚ್ಚಿ, "ಇದನ್ನೂ ಹಾಕಿ, ಇದನ್ನೂ!" ಎಂದ. ಮೊಮ್ಮಗಳು ಬಾಗಿಲಿಗಂಟಿಸಿದ್ದ ಸರದಿಯ ಚೀಟಿಯನ್ನು ಪರ್ರೆಂದು ಹರಿದಳು.

ಎಲ್ಲರೂ ಹೊರಗೆ ಬಂದಾಗ ಚುಕ್ಕಕ್ಕ ಮೇಜಿನ ಹತ್ತಿರ ನಿಂತು ಐರನ್ನಿನ ವಯರನ್ನು ಸುತ್ತುತ್ತಿದ್ದಳು. ಎರಡು ಡಬ್ಬ ಆಗಲೇ ಮುಚ್ಚಿಯಾಗಿತ್ತು.

"ಏನಮ್ಮ ಮಾಡ್ತಿದ್ದೀಯ?" ಎಂದ ಮಗ.

"ಮೇಜು ಖಾಲಿ ಮಾಡ್ತಿದ್ದೀನಿ."

"ಯಾಕೆ? ಮಿಷನ್ ಸರಿಹೋಯ್ತಲ್ಲ. ಗೆದ್ದಿದ್ದು ನೀನು!"

"ನಾನು ಮಾಡ್ತೀನಿ ಅಂದಿದ್ದೆ. ನನ್ನ ಕೈಯಲ್ಲಿ ಆಗ್ಲಿಲ್ಲ. ಕಿತ್ತಿದ್ದು ಅವಳು," ಎಂದಳು ಚುಕ್ಕಕ್ಕ. ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಸೊಸೆಯ ಕಡೆ ಕೈ ಚಾಚಿದಳು. "ಆ ಸಕ್ಕರ್ ಕೊಡಮ್ಮ, ಡಬ್ಬಕ್ಕೆ ಹಾಕ್ತೀನಿ."

ಸೊಸೆ ಕೊಡಲಿಲ್ಲ. "ಇದು ನಂದು" ಎಂದಳು.

"ನಿಂಗ್ಯಾಕೆ?"

"ನಮ್ಮ ಲ್ಯಾಬಲ್ಲಿ ಒಂದು ತೂಕದ ಯಂತ್ರ ಸತ್ತು ಬಿದ್ದಿದೆ. ಎಸೀತೀವಿ ಅಂತಿದ್ರು, ಎಸೀಬೇಡಿ ಅಂದೆ. ನಾಳೆ ತರ್ತೀನಿ." ಅವಳು ತಾನು ಉಣ್ಣಲು ಕೂರುವ ಕುರ್ಚಿಯನ್ನು ನೆಲದ ಮೇಲೆ ಎಳೆದುಕೊಂಡು ಕಿಟಕಿಯ ಕಡೆಗೆ ಬಂದಳು. ಮುಚ್ಚಿದ್ದ ಡಬ್ಬಗಳ ಮುಚ್ಚಳ ತೆಗೆದಿಟ್ಟಳು. "ಸ್ವಲ್ಪ ಸರ್ಕೊಳ್ಳಿ ಅತ್ತೆ. ನಂಗೂ ಜಾಗ ಬೇಕಲ್ಲ."

ಚುಕ್ಕಕ್ಕ ಸರಿದು ಕೂತಳು.